ಸೋಸಿದ್ದನ್ನು ಮರಳಿ ಹೀರುವ ಕೊಳವೆ

ಮೈಸೂರಿನ ಸಿದ್ಧಾರ್ಥನಗರದಲ್ಲಿ, ಅಥವಾ ನಮ್ಮ ಯಾವುದೇ ಬಡಾವಣೆಯಲ್ಲಿ, ಔಷಧಿ ಅಂಗಡಿಯವರು ದಿನವೂ ಎತ್ತಿಕೊಡುವ ಮೂರು ಬಗೆಯ ಮಾತ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದು ಬಿ.ಪಿ. ಮಾತ್ರೆ. ಹೆಸರಿನ ಕೊನೆಗೆ ‘ಎಚ್’ ಅಕ್ಷರವಿದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಮದ್ದೂ ಸೇರಿರುತ್ತದೆ. ಎರಡನೆಯದು ಸಕ್ಕರೆ ಕಾಯಿಲೆಯವರ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಮೂರನೆಯದು ಲಡಾಖ್‌ಗೆ ಹೊರಟವರು ವೈದ್ಯರನ್ನು ಕೇಳಿ ಬರೆಸಿಕೊಳ್ಳುವ ಡಯಾಮಾಕ್ಸ್, ಅಂದರೆ ಅಸಿಟಜೋಲಮೈಡ್.

ಮೂರೂ ಬೇರೆ ಬೇರೆ ತೊಂದರೆಗೆ ಕೊಡುವ ಮದ್ದು. ಆದರೆ ಮೂರೂ ಮುಖ್ಯವಾಗಿ ಕೆಲಸ ಮಾಡುವ ಜಾಗ ಒಂದೇ: ಕಿಡ್ನಿಯೊಳಗಿನ, ಕೂದಲೆಳೆಯಷ್ಟು ಸಪೂರದ ಕೊಳವೆ. ಆ ಕೊಳವೆ ಮಾಡುವ ಕೆಲಸ ಎರಡು. ರಕ್ತದಿಂದ ಸೋಸಿ ಬಂದ ನೀರು, ಉಪ್ಪು, ಸಕ್ಕರೆಗಳಲ್ಲಿ ದೇಹಕ್ಕೆ ಬೇಕಾದುದನ್ನು ಮರಳಿ ರಕ್ತಕ್ಕೆ ಹೀರಿಕೊಳ್ಳುವುದು ಒಂದು. ಸೋಸುವಾಗ ರಕ್ತದಲ್ಲೇ ಉಳಿದುಹೋದ ಬೇಡದ ವಸ್ತುಗಳನ್ನು ತಾನೇ ಎಳೆದು ಮೂತ್ರಕ್ಕೆ ಸ್ರವಿಸುವುದು ಇನ್ನೊಂದು.

ಇಷ್ಟನ್ನು ತಿಳಿಯಲು ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತು. ಕಪ್ಪೆ, ಮೊಲ, ನಾಯಿ, ಕಡಲ ಮೀನು, ಸೇಬಿನ ಮರದ ತೊಗಟೆ, ವಿಯೆನ್ನಾದ ಆಸ್ಪತ್ರೆಯೊಂದರ ನರ್ಸ್‌ಗಳು ಬರೆದಿಟ್ಟ ಪಟ್ಟಿ, ಇವೆಲ್ಲ ಈ ಕತೆಯೊಳಗೆ ಬರುತ್ತವೆ. ಇದರಲ್ಲಿ ದುಡಿದ ವಿಜ್ಞಾನಿಗಳಲ್ಲಿ ಹೆಚ್ಚಿನವರು ಮಾತ್ರೆಯನ್ನು ಹುಡುಕಿ ಹೊರಟವರಲ್ಲ. ಕಿಡ್ನಿ ಹೇಗೆ ಕೆಲಸ ಮಾಡುತ್ತದೆ ಎಂದಷ್ಟೇ ಕೇಳಿದವರು. ಪಟ್ಟು ಬಿಡದೆ ಕೇಳಿದ್ದರಿಂದಲೇ ನಮ್ಮ ಮನೆಗಳ ಎಷ್ಟೋ ಹಿರಿಯರು ಇಂದು ನೆಮ್ಮದಿಯಾಗಿ ಉಸಿರಾಡುತ್ತಿದ್ದಾರೆ. ಈ ಕತೆಯನ್ನು ಹೇಳಲೇಬೇಕು ಅನ್ನಿಸುವುದು ಆ ಕಾರಣಕ್ಕೆ.

ಒಂದೇ ವರ್ಷ, ಎರಡು ವಾದ

ಕಿಡ್ನಿ ಎಂದರೆ ಗಟ್ಟಿ ಮಾಂಸದ ಮುದ್ದೆ ಎಂದೇ ಬಹುಕಾಲ ನಂಬಿದ್ದರು. 1662ರಲ್ಲಿ ಇಟಲಿಯ ಲೊರೆಂಜೊ ಬೆಲ್ಲಿನಿ ಎಂಬ 19 ವರ್ಷದ ಹುಡುಗ ಅದನ್ನು ಕೊಯ್ದು ನೋಡಿ, ಅದರ ತುಂಬ ಸಣ್ಣ ಸಣ್ಣ ಕೊಳವೆಗಳಿವೆ ಎಂದು ಬರೆದ. ನಾಲ್ಕು ವರ್ಷ ಕಳೆದ ಮೇಲೆ ಮಾಲ್ಪೀಗಿ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ರಕ್ತನಾಳಗಳ ಪುಟ್ಟ ಗೊಂಚಲುಗಳನ್ನು ಕಂಡ. ಕೊಳವೆ ಇದೆ, ಗೊಂಚಲೂ ಇದೆ. ಇವೆರಡಕ್ಕೂ ಏನು ನಂಟು ಎಂಬುದು ಮಾತ್ರ ಮುಂದಿನ 175 ವರ್ಷ ಯಾರಿಗೂ ಸ್ಪಷ್ಟವಾಗಲಿಲ್ಲ.

ಆ ನಂಟನ್ನು 1842ರಲ್ಲಿ ತೋರಿಸಿಕೊಟ್ಟವರು ಲಂಡನ್ನಿನ ವಿಲಿಯಂ ಬೋಮನ್. ರಕ್ತನಾಳಕ್ಕೆ ಬಣ್ಣ ತುಂಬಿ ನೋಡಿದಾಗ, ಪ್ರತಿಯೊಂದು ಗೊಂಚಲನ್ನೂ ಒಂದು ತೆಳು ಪೊರೆಯ ಬಟ್ಟಲು ಸುತ್ತಿಕೊಂಡಿದೆ, ಆ ಬಟ್ಟಲೇ ಮುಂದೆ ಕೊಳವೆಯಾಗಿ ಹರಿದಿದೆ ಎಂಬುದು ಅವರಿಗೆ ಕಂಡಿತು. ಇಂದು ನೆಫ್ರಾನ್ ಎಂದು ಕರೆಯುವುದು ಈ ಜೋಡಿಯನ್ನೇ. ನಮ್ಮ ಒಂದೊಂದು ಕಿಡ್ನಿಯಲ್ಲೂ ಅಂಥವು ಸುಮಾರು ಹತ್ತು ಲಕ್ಷ ಇವೆ. ಬೋಮನ್‌ರ ವಾದ ಹೀಗಿತ್ತು: ಗೊಂಚಲು ಬರೀ ನೀರನ್ನು ಸುರಿಸುತ್ತದೆ, ಯೂರಿಯಾದಂಥ ಕಶ್ಮಲಗಳನ್ನು ಕೊಳವೆಯ ಗೋಡೆ ಸ್ರವಿಸುತ್ತದೆ, ಮೇಲಿಂದ ಬಂದ ನೀರು ಅವನ್ನು ತೊಳೆದುಕೊಂಡು ಹೋಗುತ್ತದೆ.

ಅದೇ 1842ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಕಾರ್ಲ್ ಲುಡ್ವಿಗ್ ಇದಕ್ಕೆ ತದ್ವಿರುದ್ಧವಾದ ಪ್ರಬಂಧ ಬರೆದರು. ರಕ್ತದ ಒತ್ತಡಕ್ಕೆ ಗೊಂಚಲಿನ ಗೋಡೆಯಿಂದ ಪ್ರೋಟೀನ್ ಬಿಟ್ಟು ಉಳಿದ ದ್ರವವೆಲ್ಲ ಸೋಸಿ ಬರುತ್ತದೆ, ಕೊಳವೆಯುದ್ದಕ್ಕೂ ಅದರ ನೀರು ರಕ್ತಕ್ಕೆ ಮರಳಿ, ಉಳಿದದ್ದು ಗಟ್ಟಿಯಾಗಿ ಮೂತ್ರವಾಗುತ್ತದೆ ಎಂಬುದು ಅವರ ವಾದ. ಬೋಮನ್ ಮತ್ತು ಲುಡ್ವಿಗ್ ಇಬ್ಬರೂ 1816ರಲ್ಲಿ ಹುಟ್ಟಿದವರು. ಇಪ್ಪತ್ತೈದರ ಆಸುಪಾಸಿನಲ್ಲಿ ಇಬ್ಬರೂ ಎರಡು ದಿಕ್ಕಿನ ಉತ್ತರ ಕೊಟ್ಟರು. ಒಬ್ಬರು ಸ್ರವಿಕೆ ಎಂದರು, ಇನ್ನೊಬ್ಬರು ಮರುಹೀರಿಕೆ ಎಂದರು. ಮುಂದಿನ ಎಂಬತ್ತು ವರ್ಷ ಯುರೋಪಿನ ಶರೀರವಿಜ್ಞಾನಿಗಳು ಈ ಎರಡು ಪಂಗಡಗಳಲ್ಲಿ ಹಂಚಿಹೋದರು.

1874ರಲ್ಲಿ ಬ್ರೆಸ್ಲಾವ್ ನಗರದ ರುಡಾಲ್ಫ್ ಹೈಡನ್‌ಹೈನ್ ಸ್ರವಿಕೆಯ ಪರವಾಗಿ ಗಟ್ಟಿ ಸಾಕ್ಷ್ಯ ತಂದರು. ಮೊಲವೊಂದರ ಬೆನ್ನುಹುರಿ ಕತ್ತರಿಸಿ, ರಕ್ತದೊತ್ತಡ ಇಳಿದು ಸೋಸುವ ಕೆಲಸ ನಿಲ್ಲುವಂತೆ ಮಾಡಿ, ಅದರ ರಕ್ತಕ್ಕೆ ನೀಲಿ ಬಣ್ಣ ಸೇರಿಸಿದರು. ಆಮೇಲೆ ಕಿಡ್ನಿಯನ್ನು ತೆಳುವಾಗಿ ಸೀಳಿ ನೋಡಿದರೆ ಗೊಂಚಲುಗಳಿಗೆ ಬಣ್ಣ ತಾಗಿರಲಿಲ್ಲ. ಕೊಳವೆಯ ಕೋಶಗಳು ಮಾತ್ರ ನೀಲಿಗಟ್ಟಿದ್ದವು. ಬಣ್ಣ ಗೋಡೆಯ ಮೂಲಕವೇ ಬಂದಿರಬೇಕು. ಜೊತೆಗೆ ಅವರೊಂದು ಲೆಕ್ಕವನ್ನೂ ಮುಂದಿಟ್ಟರು. ಲುಡ್ವಿಗ್ ಹೇಳುವುದು ನಿಜವಾದರೆ, ಒಬ್ಬ ಮನುಷ್ಯ ದಿನಕ್ಕೆ ವಿಸರ್ಜಿಸುವ ಯೂರಿಯಾ ಹೊರಬರಲು ಸುಮಾರು 70 ಲೀಟರ್ ದ್ರವ ಸೋಸಬೇಕಾಗುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮತ್ತೆ ಒಳಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ದೇಹ ಇಂಥ ವ್ಯರ್ಥ ಕೆಲಸ ಮಾಡೀತೇ ಎಂಬುದು ಅವರ ಪ್ರಶ್ನೆ. ಆ ಕಾಲಕ್ಕೆ ಪ್ರಶ್ನೆ ಸಮಂಜಸವೇ ಆಗಿತ್ತು.

1917ರಲ್ಲಿ ಆರ್ಥರ್ ಕುಷ್ನಿ ಎಂಬ ವಿಜ್ಞಾನಿ ಮೂತ್ರೋತ್ಪತ್ತಿಯ ಬಗ್ಗೆ ದೊಡ್ಡ ಗ್ರಂಥ ಬರೆದು ತಕ್ಕಡಿಯನ್ನು ಮತ್ತೆ ಲುಡ್ವಿಗ್‌ರ ಕಡೆಗೆ ವಾಲಿಸಿದರು. ಸೋಸುವುದು, ಮರಳಿ ಹೀರುವುದು, ಇಷ್ಟರಿಂದಲೇ ಎಲ್ಲವನ್ನೂ ವಿವರಿಸಬಹುದು. ಸ್ರವಿಕೆ ಎಂಬುದೇ ಇಲ್ಲ ಎಂದರು. ಎರಡೂ ಕಡೆ ವಾದಕ್ಕೆ ಕೊರತೆಯಿರಲಿಲ್ಲ. ಆದರೆ ಗೊಂಚಲಿನ ಬಟ್ಟಲೊಳಗೆ ನಿಜವಾಗಿ ಏನು ಬಂದು ಬೀಳುತ್ತದೆ ಎಂದು ಅದುವರೆಗೆ ಒಬ್ಬರೂ ತೆಗೆದು ನೋಡಿರಲಿಲ್ಲ.

ಕಪ್ಪೆಯ ಬಟ್ಟಲೊಳಗಿನ ದ್ರವ

ಅದನ್ನು ತೆಗೆದು ನೋಡಿದವರು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಫ್ರೆಡ್ ನ್ಯೂಟನ್ ರಿಚರ್ಡ್ಸ್ ಮತ್ತು ಅವರ ಪ್ರಯೋಗಾಲಯಕ್ಕೆ 1921ರಲ್ಲಿ ಬಂದ ಯುವ ವೈದ್ಯ ಜೋಸೆಫ್ ವರ್ನ್. ಕಪ್ಪೆಯ ಕಿಡ್ನಿ ತೆಳು, ಗೊಂಚಲುಗಳೂ ದೊಡ್ಡವು. ಬದುಕಿರುವ ಕಪ್ಪೆಯ ಕಿಡ್ನಿಗೆ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊಂಚಲಿನೊಳಗೆ ರಕ್ತ ಹರಿಯುವುದೇ ಕಾಣುತ್ತದೆ. ಗಾಜಿನ ನಳಿಗೆಯನ್ನು ಕಾಯಿಸಿ ಎಳೆದು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮೊನೆ ಮಾಡಿ, ಅವರು ಆ ಬಟ್ಟಲನ್ನು ಚುಚ್ಚಿ ಒಳಗಿನ ದ್ರವವನ್ನು ಹೊರತೆಗೆದರು. ಸಿಕ್ಕಿದ್ದು ಒಂದು ಹನಿಗಿಂತ ಎಷ್ಟೋ ಪಾಲು ಕಡಿಮೆ. ಅಷ್ಟು ಅಲ್ಪ ದ್ರವವನ್ನು ಪರೀಕ್ಷಿಸುವ ರಸಾಯನ ವಿಧಾನಗಳೇ ಆಗ ಇರಲಿಲ್ಲ. ಅದನ್ನೂ ಅವರೇ ರೂಪಿಸಿಕೊಂಡರು.

ಫಲಿತಾಂಶ 1924ರಲ್ಲಿ ಪ್ರಕಟವಾಯಿತು. ಬಟ್ಟಲೊಳಗಿನ ದ್ರವದಲ್ಲಿ ಪ್ರೋಟೀನ್ ಇರಲಿಲ್ಲ. ಸಕ್ಕರೆ ಇತ್ತು, ಉಪ್ಪಿನ ಅಂಶವಾದ ಕ್ಲೋರೈಡ್ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿ ಸಂಗ್ರಹವಾಗಿದ್ದ ಮೂತ್ರದಲ್ಲಿ ಅವೆರಡೂ ಇರಲಿಲ್ಲ. ಮೇಲಿಂದ ಹೊರಟ ಸಕ್ಕರೆ ಕೆಳಗೆ ತಲುಪಲಿಲ್ಲ ಎಂದರೆ ದಾರಿಯಲ್ಲಿ ಅದನ್ನು ಯಾರೋ ಹಿಂದಕ್ಕೆ ಪಡೆದಿದ್ದಾರೆ. ಆ ದಾರಿ ಕೊಳವೆಯೇ. ಲುಡ್ವಿಗ್ ಎಂಬತ್ತೆರಡು ವರ್ಷ ಹಿಂದೆ ಊಹಿಸಿದ್ದ ಮರುಹೀರಿಕೆಗೆ ಕಣ್ಣೆದುರಿನ ಸಾಕ್ಷ್ಯ ದೊರೆಯಿತು. ಅದೇ 1924ರಲ್ಲಿ ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ಬೆಂಗಳೂರಿನಲ್ಲಿ ಶುರುವಾಯಿತು. 1930ರಲ್ಲಿ ಅದು ಮೈಸೂರಿಗೆ ಬಂತು. ಆ ಕಾಲೇಜಿನ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಅಂಗರಚನೆ ಕಲಿಯುತ್ತಿದ್ದ ವರ್ಷಗಳಲ್ಲೇ ಕಿಡ್ನಿಯ ಪಾಠ ಹೊಸದಾಗಿ ಬರೆಸಿಕೊಳ್ಳುತ್ತಿತ್ತು.

ಗೊಂಚಲಿಲ್ಲದ ಮೀನು

ಹಾಗಾದರೆ ಬೋಮನ್, ಹೈಡನ್‌ಹೈನ್ ತಪ್ಪಿದರೇ? ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಇ. ಕೆ. ಮಾರ್ಷಲ್ ಅದನ್ನು ಒಪ್ಪಲಿಲ್ಲ. 1923ರಲ್ಲೇ ಅವರು ನಾಯಿಗಳಿಗೆ ಫೀನಾಲ್ ರೆಡ್ ಎಂಬ ಕೆಂಪು ಬಣ್ಣ ಕೊಟ್ಟು ನೋಡಿದ್ದರು. ಈ ಬಣ್ಣದ ಬಹುಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಇರುವುದರಿಂದ ಗೊಂಚಲಿನಲ್ಲಿ ಸೋಸಿ ಬರುವುದು ಸ್ವಲ್ಪವೇ. ಆದರೂ ಮೂತ್ರಕ್ಕೆ ಬಂದ ಬಣ್ಣ ಆ ಲೆಕ್ಕಕ್ಕಿಂತ ಎಷ್ಟೋ ಹೆಚ್ಚಿತ್ತು. ಕೊಳವೆ ಅದನ್ನು ಎಳೆದು ಹಾಕುತ್ತಿದೆ ಎಂದರು ಮಾರ್ಷಲ್. ಒಪ್ಪದವರು ಒಪ್ಪಲಿಲ್ಲ.

ವಾದ ಮುಗಿಯಬೇಕಾದರೆ ಗೊಂಚಲೇ ಇಲ್ಲದ, ಕೊಳವೆ ಮಾತ್ರ ಇರುವ ಕಿಡ್ನಿಯೊಂದು ಬೇಕಿತ್ತು. ಅದು ಸಿಕ್ಕಿದ್ದು ಕಡಲಿನಲ್ಲಿ. ಅಟ್ಲಾಂಟಿಕ್ ಕರಾವಳಿಯ ಟೋಡ್‌ಫಿಶ್ ಎಂಬ ಮೀನಿನ ಕಿಡ್ನಿಯಲ್ಲಿ ಗೊಂಚಲಿಲ್ಲ. ದೊಡ್ಡ ಬಾಯಿಯ ಗೂಸ್‌ಫಿಶ್‌ನಲ್ಲಿ ಅಳಿದುಳಿದ ಗೊಂಚಲುಗಳಿದ್ದರೂ ಕೊಳವೆಯೊಂದಿಗೆ ಅವಕ್ಕೆ ನಂಟು ಕಡಿದುಹೋಗಿದೆ. ನಮಗೆ ಚಿತ್ರಗಳಲ್ಲಿ ಪರಿಚಿತವಾದ ಕಡಲಕುದುರೆಯದೂ ಇದೇ ಬಗೆಯ ಕಿಡ್ನಿ. ಉಪ್ಪುನೀರಿನಲ್ಲಿ ಬದುಕುವ ಮೀನಿನ ದೇಹದಿಂದ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಲೀಟರ್‌ಗಟ್ಟಲೆ ಸೋಸಿ ಚೆಲ್ಲುವ ಐಷಾರಾಮ ಅದಕ್ಕಿಲ್ಲ. ಹಾಗಾಗಿ ಕೆಲವು ಮೀನುಗಳು ಗೊಂಚಲನ್ನೇ ಕೈಬಿಟ್ಟಿವೆ ಎಂದು ಮಾರ್ಷಲ್ ಮತ್ತು ಹೋಮರ್ ಸ್ಮಿತ್ 1930ರಲ್ಲಿ ವಿವರಿಸಿದರು.

ಇಪ್ಪತ್ತರ ದಶಕದ ಕೊನೆಯಲ್ಲಿ ಮಾರ್ಷಲ್ ಈ ಮೀನುಗಳ ಮೇಲೆ ಒಂದೊಂದಾಗಿ ಪ್ರಯೋಗ ಮಾಡಿದರು. ಗೊಂಚಲಿಲ್ಲ, ಸೋಸುವಿಕೆ ಇಲ್ಲ, ಆದರೂ ಮೂತ್ರ ಬರುತ್ತಿತ್ತು. ಫೀನಾಲ್ ರೆಡ್ ಕೊಟ್ಟರೆ ಅದು ಮೂತ್ರದಲ್ಲಿ ದಟ್ಟವಾಗಿ ಇಳಿಯಿತು. ಕೊಳವೆಯ ಗೋಡೆ ಸ್ರವಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿರಲಿಲ್ಲ. ಇನ್ನೊಂದು ಸಂಗತಿಯೂ ಹೊರಬಿತ್ತು: ರಕ್ತದಲ್ಲಿ ಸಕ್ಕರೆಯನ್ನು ಎಷ್ಟೇ ಏರಿಸಿದರೂ ಆ ಮೀನುಗಳ ಮೂತ್ರಕ್ಕೆ ಸಕ್ಕರೆ ಬರಲಿಲ್ಲ. ಸಕ್ಕರೆ ಮೂತ್ರ ಸೇರಬೇಕಾದರೆ ಸೋಸಿಯೇ ಬರಬೇಕು. ಕೊಳವೆ ಅದನ್ನು ಹೀರಬಲ್ಲದೇ ಹೊರತು ಸ್ರವಿಸಲಾರದು.

ಹೀಗೆ 1842ರ ಜಗಳ ಮುಗಿಯಿತು. ಬೋಮನ್ ಹೇಳಿದ ಸ್ರವಿಕೆಯೂ ನಿಜ, ಲುಡ್ವಿಗ್ ಹೇಳಿದ ಮರುಹೀರಿಕೆಯೂ ನಿಜ. ಕಪ್ಪೆ ಒಂದನ್ನು ಹೇಳಿಕೊಟ್ಟಿತು, ಮೀನು ಇನ್ನೊಂದನ್ನು.

ದಿನಕ್ಕೆ 180 ಲೀಟರ್

ಉಳಿದದ್ದು ಲೆಕ್ಕ. ಮನುಷ್ಯನ ಕಿಡ್ನಿ ನಿಜವಾಗಿ ಎಷ್ಟು ಸೋಸುತ್ತದೆ? ಇದನ್ನು ಅಳೆಯಲು, ಗೊಂಚಲಿನಲ್ಲಿ ಸಲೀಸಾಗಿ ಸೋಸಿ ಬಂದು, ಕೊಳವೆ ಹೀರದ, ಸ್ರವಿಸದ ವಸ್ತುವೊಂದು ಬೇಕು. ಕೋಪನ್‌ಹೇಗನ್ನಿನ ಪೌಲ್ ಬ್ರಾಂಟ್ ರೇಬರ್ಗ್ 1926ರಲ್ಲಿ ಕ್ರಿಯಾಟಿನಿನ್ನನ್ನು ತಾವೇ ಕುಡಿದು, ತಮ್ಮ ರಕ್ತ ಮತ್ತು ಮೂತ್ರವನ್ನೇ ಅಳೆದು ನೋಡಿದರು. ಇಂದು ಲ್ಯಾಬ್ ವರದಿಯಲ್ಲಿ ನಾವು ಮೊದಲು ಹುಡುಕುವ ‘ಸೀರಮ್ ಕ್ರಿಯಾಟಿನಿನ್’ ಇದೇ. ಕೊಳವೆ ಅದನ್ನೂ ಕೊಂಚ ಸ್ರವಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಮೂವತ್ತರ ದಶಕದಲ್ಲಿ ಹೋಮರ್ ಸ್ಮಿತ್‌ರ ನ್ಯೂಯಾರ್ಕ್ ತಂಡ ಮತ್ತು ರಿಚರ್ಡ್ಸ್‌ರ ತಂಡ ಇನ್ನೂ ಒಳ್ಳೆಯ ವಸ್ತುವನ್ನು ಕಂಡುಕೊಂಡವು. ಅದು ಡೇಲಿಯಾದಂಥ ಗಿಡಗಳ ಗೆಡ್ಡೆಯಲ್ಲಿರುವ ಇನ್ಯುಲಿನ್ ಎಂಬ ಪಿಷ್ಟದಂಥ ವಸ್ತು. ಗೊಂಚಲಿಲ್ಲದ ಮೀನು ಅದನ್ನು ಮೂತ್ರಕ್ಕೆ ಬಿಡುವುದೇ ಇಲ್ಲ. ಅಂದರೆ ಅದು ಸೋಸುವಿಕೆಯ ಶುದ್ಧ ಅಳತೆಗೋಲು.

ಬಂದ ಉತ್ತರ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ 180 ಲೀಟರ್. ಇದು ಸಾಧ್ಯವೇ ಇಲ್ಲ ಎಂದು ಹೈಡನ್‌ಹೈನ್ ತಳ್ಳಿಹಾಕಿದ್ದ 70 ಲೀಟರಿನ ಎರಡೂವರೆ ಪಟ್ಟು. ನಮ್ಮ ದೇಹದಲ್ಲಿರುವ ಪ್ಲಾಸ್ಮಾ ಸುಮಾರು ಮೂರು ಲೀಟರ್. ಅಷ್ಟೂ ದಿನಕ್ಕೆ ಅರವತ್ತು ಸಲ ಸೋಸಿಹೋಗುತ್ತದೆ. ಅದರ ಜೊತೆ ಒಂದು ಕಿಲೋಗೂ ಮೀರಿದ ಉಪ್ಪು, ಸುಮಾರು 180 ಗ್ರಾಂ ಸಕ್ಕರೆ ಕೊಳವೆಗೆ ಬಂದು ಬೀಳುತ್ತವೆ. ಕೊನೆಗೆ ಹೊರಹೋಗುವ ಮೂತ್ರ ಒಂದೂವರೆ ಲೀಟರಿನಷ್ಟು. ಆರೋಗ್ಯವಂತರಲ್ಲಿ ಸಕ್ಕರೆ ಇಲ್ಲವೆಂಬಷ್ಟು ಅತ್ಯಲ್ಪ. ಉಪ್ಪು, ನಾವು ತಿಂದದ್ದರ ಲೆಕ್ಕದಷ್ಟೇ. ದಸರೆ ಬಂದಾಗ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬೇಕಾದ್ದನ್ನು ಮಾತ್ರ ಒರೆಸಿ ಒಳಗೊಯ್ದು ಬೇಡದ್ದನ್ನು ಅಲ್ಲೇ ಬಿಡುವ ಕ್ರಮವಿದೆಯಲ್ಲ, ಕಿಡ್ನಿ ಆ ಕೆಲಸವನ್ನು ಬಿಡುವಿಲ್ಲದೆ ಮಾಡುತ್ತದೆ. ದೇಹ ಎಂದೂ ಕಂಡಿರದ ಹೊಸ ವಿಷ ಒಳಹೊಕ್ಕರೂ ಅದು ಸೋಸಿ ಹೊರಗೆ ಬಂದಿರುತ್ತದೆ. ಅದನ್ನು ಮರಳಿ ತರುವ ವ್ಯವಸ್ಥೆ ಕೊಳವೆಯಲ್ಲಿಲ್ಲದಿದ್ದರೆ ಅದು ಹೊರಗೇ ಹೋಗುತ್ತದೆ. ಹೈಡನ್‌ಹೈನ್‌ಗೆ ವ್ಯರ್ಥವೆಂದು ಕಂಡದ್ದು ನಮ್ಮನ್ನು ಕಾಯುವ ಜಾಣತನ.

ಮೂತ್ರದಿಂದ ಮರಳಿ ಪಡೆದ ಪೆನಿಸಿಲಿನ್

ಈ ತಿಳಿವಳಿಕೆ ಪುಸ್ತಕದಿಂದ ಆಸ್ಪತ್ರೆಗೆ ಬಂದ ಒಂದು ಸಂದರ್ಭ ದುಃಖದ್ದು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ಟರು. ಸೋಂಕಿನಿಂದ ಸಾವಿನಂಚಿಗೆ ಹೋಗಿದ್ದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಆದರೆ ಕೊಟ್ಟ ಮದ್ದು ಕೆಲವೇ ಗಂಟೆಗಳಲ್ಲಿ ಮೂತ್ರದ ಪಾಲಾಗುತ್ತಿತ್ತು. ಜಗತ್ತಿನಲ್ಲಿದ್ದ ಪೆನಿಸಿಲಿನ್ನೇ ಚಿಟಿಕೆಯಷ್ಟು. ಸಂಶೋಧಕರು ಅವರ ಮೂತ್ರವನ್ನು ಸಂಗ್ರಹಿಸಿ, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಅವರಿಗೇ ಮತ್ತೆ ಕೊಟ್ಟರು. ಅದೂ ಮುಗಿಯಿತು. ಮಾರ್ಚ್ 15ರಂದು ಅಲೆಕ್ಸಾಂಡರ್ ತೀರಿಕೊಂಡರು.

ಪೆನಿಸಿಲಿನ್ ಅಷ್ಟು ಬೇಗ ಹೋಗಲು ಕಾರಣ ಮಾರ್ಷಲ್‌ರ ಮೀನು ತೋರಿಸಿದ ಸ್ರವಿಕೆಯೇ. ಫೀನಾಲ್ ರೆಡ್ಡನ್ನು ಎಳೆದು ಹಾಕುವ ವ್ಯವಸ್ಥೆಯೇ ಪೆನಿಸಿಲಿನ್ನನ್ನೂ ಎಳೆದು ಹಾಕುತ್ತದೆ. ಆ ವರ್ಷವೇ ಆಕ್ಸ್‌ಫರ್ಡ್‌ನ ಹೊವರ್ಡ್ ಫ್ಲೋರಿ ಸಹಾಯ ಕೇಳಿ ಅಮೆರಿಕಕ್ಕೆ ಹೋದಾಗ ಅವರ ಕೈಹಿಡಿದವರು, ಹಿಂದೊಮ್ಮೆ ತಮ್ಮ ಪ್ರಯೋಗಾಲಯದಲ್ಲಿ ಫ್ಲೋರಿಯವರಿಗೆ ಜಾಗ ಕೊಟ್ಟಿದ್ದ ರಿಚರ್ಡ್ಸ್. ಕಪ್ಪೆಯ ಕಿಡ್ನಿಯನ್ನು ಚುಚ್ಚಿ ನೋಡಿದ್ದ ಅದೇ ರಿಚರ್ಡ್ಸ್ ಈಗ ಯುದ್ಧಕಾಲದ ವೈದ್ಯಕೀಯ ಸಂಶೋಧನಾ ಸಮಿತಿಯ ಅಧ್ಯಕ್ಷರಾಗಿ, ಪೆನಿಸಿಲಿನ್ನಿನ ಭಾರೀ ಉತ್ಪಾದನೆಗೆ ದಾರಿ ಮಾಡಿಕೊಟ್ಟರು.

ಇತ್ತ ಕಾರ್ಲ್ ಬೇಯರ್ ಎಂಬ ಔಷಧ ವಿಜ್ಞಾನಿ ಬೇರೆ ದಿಕ್ಕಿನಿಂದ ಯೋಚಿಸಿದರು: ಕೊಳವೆಯ ಸ್ರವಿಕೆಯನ್ನೇ ತಡೆದರೆ ಇರುವ ಪೆನಿಸಿಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದಲ್ಲ? ಆ ಹಾದಿಯಲ್ಲಿ 1951ರ ಹೊತ್ತಿಗೆ ದೊರೆತದ್ದು ಪ್ರೊಬೆನೆಸಿಡ್. ಅಷ್ಟರಲ್ಲಿ ಪೆನಿಸಿಲಿನ್ ಅಗ್ಗವಾಗಿತ್ತು. ಆದರೆ ಪ್ರೊಬೆನೆಸಿಡ್ ಯೂರಿಕ್ ಆಮ್ಲದ ಮರುಹೀರಿಕೆಯನ್ನೂ ತಡೆಯುತ್ತದೆ ಎಂದು ತಿಳಿದು, ಅದು ಗೌಟ್ ಎಂಬ ಕೀಲುನೋವಿನ ಮದ್ದಾಯಿತು.

ಸೇಬಿನ ಬೇರಿನ ತೊಗಟೆ

ಸಕ್ಕರೆ ಕಾಯಿಲೆಯ ಮಾತ್ರೆಯ ಮೂಲ ಇನ್ನೂ ಹಿಂದಿನದು. 1835ರಲ್ಲಿ ಯುರೋಪಿನ ರಸಾಯನ ವಿಜ್ಞಾನಿಗಳು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಜ್ವರಕ್ಕೆ ಮದ್ದಾದೀತು ಎಂಬ ಆಸೆ ಅವರದು. 1886ರಲ್ಲಿ ಜೋಸೆಫ್ ಫಾನ್ ಮೇರಿಂಗ್ ಅದನ್ನು ನಾಯಿಗೆ ಕೊಟ್ಟಾಗ ಮೂತ್ರದಲ್ಲಿ ಧಾರಾಳವಾಗಿ ಸಕ್ಕರೆ ಇಳಿಯಿತು. ಮಧುಮೇಹದಲ್ಲೂ ಮೂತ್ರಕ್ಕೆ ಸಕ್ಕರೆ ಬರುತ್ತದೆ, ಆದರೆ ಅಲ್ಲಿ ರಕ್ತದಲ್ಲಿ ಸಕ್ಕರೆ ಉಕ್ಕಿರುತ್ತದೆ. ಈ ನಾಯಿಗಳ ರಕ್ತದಲ್ಲಿ ಸಕ್ಕರೆ ಏರಿರಲಿಲ್ಲ. ಸೋಸಿಬಂದ ಸಕ್ಕರೆಯನ್ನು ಮರಳಿ ಹೀರುವ ಬಾಗಿಲನ್ನು ಫ್ಲೋರಿಜಿನ್ ಮುಚ್ಚಿಬಿಡುತ್ತದೆ ಎಂಬುದು ಮುಂದೆ ತಿಳಿಯಿತು. ನೂರು ವರ್ಷ ಅದು ಕಿಡ್ನಿಯ ಪ್ರಯೋಗಗಳಲ್ಲಿ ಬಳಸುವ ಉಪಕರಣವಾಗಿಯೇ ಉಳಿಯಿತು.

1987ರಲ್ಲಿ ಅಮೆರಿಕದ ಸಂಶೋಧಕರು ಮಧುಮೇಹವಿರುವ ಇಲಿಗಳಿಗೆ ಫ್ಲೋರಿಜಿನ್ ಕೊಟ್ಟು, ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಕಳಿಸಿದರೆ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಕೊಳವೆಯ ಮೊದಲ ಭಾಗದಲ್ಲಿ ಸುಮಾರು ಶೇ. 90ರಷ್ಟು ಸಕ್ಕರೆಯನ್ನು ಹೀರುವ ಪ್ರೋಟೀನ್ ಎಸ್‌ಜಿಎಲ್‌ಟಿ-2 ಎಂಬುದು ತೊಂಬತ್ತರ ದಶಕದಲ್ಲಿ ಪತ್ತೆಯಾಯಿತು. ಈ ಪ್ರೋಟೀನ್ ಹುಟ್ಟಿನಿಂದಲೇ ಸರಿಯಿಲ್ಲದ ಕೆಲವು ಕುಟುಂಬಗಳಿವೆ. ಅವರ ಮೂತ್ರದಲ್ಲಿ ಜೀವನಪೂರ್ತಿ ಸಕ್ಕರೆ ಇಳಿಯುತ್ತದೆ. ಆದರೂ ಬಹುತೇಕರು ಆರೋಗ್ಯವಾಗಿಯೇ ಬದುಕುತ್ತಾರೆ. ಈ ಬಾಗಿಲನ್ನು ಮುಚ್ಚಿದರೆ ಅಪಾಯವಿಲ್ಲ ಎಂಬ ಧೈರ್ಯ ಕೊಟ್ಟವರು ಅವರು.

ಫ್ಲೋರಿಜಿನ್ನನ್ನೇ ಮಾತ್ರೆಯಾಗಿ ನುಂಗಿದರೆ ಕರುಳಿನಲ್ಲಿ ಒಡೆದುಹೋಗುತ್ತದೆ. ಅದನ್ನು ಮಾದರಿಯಾಗಿಟ್ಟುಕೊಂಡು ಒಡೆಯದ, ಎಸ್‌ಜಿಎಲ್‌ಟಿ-2ನ್ನು ಮಾತ್ರ ತಡೆಯುವ ಅಣುಗಳನ್ನು ಕಟ್ಟಿದಾಗ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಬಂದವು. 2015ರಲ್ಲಿ ಎಂಪಾಗ್ಲಿಫ್ಲೋಜಿನ್‌ನ ದೊಡ್ಡ ಪ್ರಯೋಗದಲ್ಲಿ ಹೃದಯ, ರಕ್ತನಾಳಗಳ ಕಾಯಿಲೆಯಿಂದಾಗುವ ಸಾವು ಶೇ. 38ರಷ್ಟು ಇಳಿಯಿತು. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಸೋಲುತ್ತಿರುವ ಕಿಡ್ನಿಯನ್ನೂ ಕಾಪಾಡುತ್ತದೆ, ಅದೂ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ, ಎಂಬುದು ಖಚಿತವಾಯಿತು. ಭಾರತದಲ್ಲಿ ಇವೆರಡರ ಮೂಲ ಪೇಟೆಂಟ್ 2020ರ ಅಕ್ಟೋಬರ್ ಮತ್ತು 2025ರ ಮಾರ್ಚ್‌ನಲ್ಲಿ ಮುಗಿದು, ನಮ್ಮ ಕಂಪನಿಗಳು ತಯಾರಿಸಿದ ಅಗ್ಗದ ಮಾತ್ರೆಗಳು ಅಂಗಡಿಗೆ ಬಂದಿವೆ.

ನರ್ಸ್‌ಗಳು ಬರೆದಿಟ್ಟ ಪಟ್ಟಿ

ಮೂತ್ರ ಹೆಚ್ಚಿಸುವ ಮದ್ದಿನ ಕತೆ ವಿಯೆನ್ನಾದ್ದು. 1919ರ ಅಕ್ಟೋಬರ್‌ನಲ್ಲಿ ಆಲ್ಫ್ರೆಡ್ ಫೋಗ್ಲ್ ಎಂಬ ಮೂರನೇ ವರ್ಷದ ವೈದ್ಯ ವಿದ್ಯಾರ್ಥಿ, ಹುಟ್ಟಿನಿಂದ ಸಿಫಿಲಿಸ್ ಇದ್ದ ಹುಡುಗಿಯೊಬ್ಬಳಿಗೆ ಪಾದರಸದ ಹೊಸ ಚುಚ್ಚುಮದ್ದು ಕೊಟ್ಟರು. ಆ ವಾರ್ಡಿನ ನರ್ಸ್‌ಗಳು ರೋಗಿಯ ಮೂತ್ರದ ಪ್ರಮಾಣವನ್ನು ಯಾರೂ ಹೇಳದೆಯೇ ದಿನವೂ ಅಳೆದು ಪಟ್ಟಿ ಬರೆಯುತ್ತಿದ್ದರು. ಚುಚ್ಚುಮದ್ದು ಕೊಟ್ಟ ದಿನಗಳಲ್ಲೆಲ್ಲ ಮೂತ್ರ ಹಲವು ಪಟ್ಟು ಏರಿದ್ದು ಪಟ್ಟಿಯಲ್ಲಿ ಎದ್ದು ಕಂಡಿತು. ಹೃದಯ ಸೋತು ಮೈಯೆಲ್ಲ ನೀರು ತುಂಬಿಕೊಂಡ ರೋಗಿಗಳಿಗೆ ಅದನ್ನು ಕೊಟ್ಟಾಗ ಲೀಟರ್‌ಗಟ್ಟಲೆ ನೀರು ಇಳಿದುಹೋಯಿತು. ಕೊಳವೆ ಉಪ್ಪನ್ನು ಮರಳಿ ಹೀರುವುದನ್ನು ಪಾದರಸ ತಡೆಯುತ್ತದೆ. ಉಪ್ಪು ಹೋದ ಕಡೆ ನೀರು ಹೋಗುತ್ತದೆ. ಮೂವತ್ತು ವರ್ಷ ವೈದ್ಯರ ಕೈಯಲ್ಲಿದ್ದ ಪ್ರಬಲ ಅಸ್ತ್ರ ಇದೇ ಆಗಿತ್ತು. ಆದರೆ ಪಾದರಸ ವಿಷ, ಚುಚ್ಚಿಯೇ ಕೊಡಬೇಕು.

ಬೇರೆ ದಾರಿ ತೋರಿಸಿದ್ದು ಸಲ್ಫಾ ಔಷಧ. ಸಲ್ಫಾನಿಲಮೈಡ್ ತೆಗೆದುಕೊಂಡವರ ರಕ್ತ ಆಮ್ಲೀಯವಾಗುತ್ತಿತ್ತು. ಕೊಳವೆಯ ಕೋಶಗಳಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ, ಹಾಗಾಗಿ ಬೈಕಾರ್ಬೊನೇಟ್ ಮರಳದೆ ಮೂತ್ರಕ್ಕೆ ಹೋಗುತ್ತದೆ ಎಂದು ಪತ್ತೆಯಾಯಿತು. 1949ರಲ್ಲಿ ಬಾಸ್ಟನ್ನಿನ ವಿಲಿಯಂ ಶ್ವಾರ್ಟ್ಸ್ ಹೃದಯ ಸೋತವರಿಗೆ ಅದನ್ನೇ ಕೊಟ್ಟು ಉಪ್ಪು, ನೀರು ಇಳಿಯುವುದನ್ನು ತೋರಿಸಿದರು. ಅದರ ಇನ್ನೂ ಬಲವಾದ ರೂಪವೇ ಐವತ್ತರ ದಶಕದಲ್ಲಿ ಬಂದ ಅಸಿಟಜೋಲಮೈಡ್. ಎತ್ತರದ ಪರ್ವತದಲ್ಲಿ ಅದು ನೆರವಾಗುವುದೂ ಇದೇ ಗುಣದಿಂದ: ಬೈಕಾರ್ಬೊನೇಟ್ ಹೊರಹೋಗಿ ರಕ್ತ ತುಸು ಆಮ್ಲೀಯವಾದರೆ ಉಸಿರಾಟ ಚುರುಕಾಗುತ್ತದೆ, ತೆಳುಗಾಳಿಯಲ್ಲೂ ಆಮ್ಲಜನಕ ಸಾಲುತ್ತದೆ. ಸಿದ್ಧಾರ್ಥನಗರದಲ್ಲಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಮೈಸೂರಿಗರ ಮಾತಿನ ಡಿಎಫ್‌ಆರ್‌ಎಲ್, 1961ರಿಂದ ಸೈನಿಕರ ಊಟದ ಮೇಲೆ ಸಂಶೋಧನೆ ನಡೆಸುತ್ತಿದೆ. ಹಿಮದ ಗಡಿಯಲ್ಲಿ ನಿಂತವರಿಗೆ ಕೆಡದ ಆಹಾರ ಸಿದ್ಧಪಡಿಸುವುದು ಅದರ ಕೆಲಸಗಳಲ್ಲೊಂದು. ಅಷ್ಟು ಎತ್ತರಕ್ಕೆ ಏರುವ ದೇಹವನ್ನು ಊಟದ ಜೊತೆಗೆ ಈ ಕೊಳವೆಯೂ ಹೊಂದಿಸಿಕೊಡಬೇಕು.

1957ರಲ್ಲಿ ಬೇಯರ್ ಮತ್ತು ಅವರ ಸಂಗಡಿಗರು ಇದೇ ಸಲ್ಫಾ ಜಾಡಿನಲ್ಲಿ ಮುಂದುವರಿದು, ಬೈಕಾರ್ಬೊನೇಟ್‌ಗಿಂತ ಹೆಚ್ಚಾಗಿ ಅಡುಗೆ ಉಪ್ಪನ್ನೇ ಇಳಿಸುವ ಕ್ಲೋರೋಥಯಾಜೈಡ್ ಕಂಡುಹಿಡಿದರು. ನುಂಗಬಹುದಾದ, ವಿಷವಲ್ಲದ ಮಾತ್ರೆ. ಅದು ಬಿ.ಪಿ.ಯನ್ನೂ ಇಳಿಸುತ್ತದೆ ಎಂದು ತಿಳಿದಾಗ ಚಿಕಿತ್ಸೆಯ ರೀತಿಯೇ ಬದಲಾಯಿತು. ನಮ್ಮ ಮಾತ್ರೆಯ ‘ಎಚ್’ ಅದರ ತಮ್ಮ.

ಕೊಳವೆಯ ಗೋಡೆಯೊಳಗೆ

ಇಷ್ಟೆಲ್ಲ ಹೀರುವ ಶಕ್ತಿ ಎಲ್ಲಿಂದ ಬರುತ್ತದೆ? 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ, ಸೋಡಿಯಂ ಹೊರಕ್ಕೆ ಪೊಟಾಸಿಯಂ ಒಳಕ್ಕೆ ಸಾಗಿಸುವ ಪಂಪೊಂದನ್ನು ಕಂಡರು. ಕೊಳವೆಯ ಕೋಶಗಳಲ್ಲೂ ಇದೇ ಪಂಪು ಬಿಡುವಿಲ್ಲದೆ ನಡೆಯುತ್ತದೆ. ಸಕ್ಕರೆ, ಅಮೈನೋ ಆಮ್ಲ, ಬೈಕಾರ್ಬೊನೇಟ್ ಎಲ್ಲವೂ ಅದು ಉಂಟುಮಾಡುವ ಸೋಡಿಯಂ ಹರಿವಿನ ಬಲದಿಂದಲೇ ಮರಳುತ್ತವೆ. 1951ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್‌ನ ವಿಜ್ಞಾನಿಗಳು, ಕೊಳವೆಯಲ್ಲಿ ಹೇರ್‌ಪಿನ್ನಿನಂತೆ ಬಾಗಿದ ಹೆನ್ಲೆ ಕುಣಿಕೆ ಎಂಬ ಭಾಗ ಕಿಡ್ನಿಯ ಒಳಭಾಗವನ್ನು ಉಪ್ಪಾಗಿಸಿ, ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿಯಾದ ಮೂತ್ರ ಮಾಡಲು ನೆರವಾಗುವುದನ್ನು ತೋರಿಸಿದರು. 1992ರಲ್ಲಿ ಪೀಟರ್ ಏಗ್ರ್ ಎಂಬ ವಿಜ್ಞಾನಿ, ರಕ್ತದ ಗುಂಪಿನ ಸಂಶೋಧನೆಯ ನಡುವೆ ಕೈಗೆ ಸಿಕ್ಕ ಒಂದು ಪ್ರೋಟೀನ್ ನೀರು ಹಾಯುವ ದ್ವಾರ ಎಂದು ಸಾಬೀತುಪಡಿಸಿದರು. ಏಪ್ರಿಲ್ಲಿನ ಬಿಸಿಲಲ್ಲಿ ಬೆವರಿ ಬಂದಾಗ ಮೂತ್ರ ಕಡಿಮೆಯಾಗಿ ಹಳದಿಯಾಗುವುದು, ಕೊಳವೆಯ ಕೊನೆಯಲ್ಲಿ ಇಂಥ ದ್ವಾರಗಳು ಹೆಚ್ಚು ತೆರೆದು ನೀರನ್ನು ಉಳಿಸಿಕೊಳ್ಳುವುದರಿಂದ. ಸ್ಕೌ 1997ರಲ್ಲಿ, ಏಗ್ರ್ 2003ರಲ್ಲಿ ನೊಬೆಲ್ ಪಡೆದರು.

ಯಂತ್ರಕ್ಕೆ ಬಾರದ ಕೆಲಸ

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಡಯಾಲಿಸಿಸ್ ಯಂತ್ರಗಳಿವೆ. ಅವು ಜೀವ ಉಳಿಸುತ್ತಿವೆ, ಅದು ಸಣ್ಣ ಮಾತಲ್ಲ. ಆದರೆ ಯಂತ್ರ ಮಾಡುವುದು ಗೊಂಚಲಿನ ಕೆಲಸವನ್ನು, ಅದೂ ವಾರಕ್ಕೆ ಕೆಲವು ಗಂಟೆ ಮಾತ್ರ. ಕ್ಷಣಕ್ಷಣಕ್ಕೂ ದೇಹದ ಅಗತ್ಯ ನೋಡಿ ಇಷ್ಟು ಉಪ್ಪು ಒಳಗೆ, ಇಷ್ಟು ಆಮ್ಲ ಹೊರಗೆ ಎಂದು ಆರಿಸುವ ಕೊಳವೆಯ ಕೆಲಸವನ್ನು ಯಾವ ಯಂತ್ರವೂ ಇನ್ನೂ ಕಲಿತಿಲ್ಲ. ಡಯಾಲಿಸಿಸ್‌ನಲ್ಲಿರುವವರು ಕುಡಿಯುವ ನೀರನ್ನು ಲೋಟದ ಲೆಕ್ಕದಲ್ಲಿ ಅಳೆದುಕೊಳ್ಳಬೇಕಾಗಿರುವುದು, ಬಾಳೆಹಣ್ಣು, ಎಳನೀರಿಗೂ ಹೆದರಬೇಕಾಗಿರುವುದು ಅದರಿಂದಲೇ. ಈ ಕತೆ ಕಲಿಸುವ ದೊಡ್ಡ ಪಾಠವೂ ಇದೇ: ಕೊಳವೆ ಶಾಶ್ವತವಾಗಿ ಹಾಳಾದರೆ ಅದಕ್ಕೆ ಪೂರ್ತಿ ಬದಲಿ ಇನ್ನೊಂದು ಕಿಡ್ನಿ ಮಾತ್ರ.

ಮೀನಿನ ಮೂತ್ರ ಪರೀಕ್ಷಿಸಲು ಹಣ ಕೊಡುವುದು ದಂಡ ಎಂದು ಅಂದು ಯಾರಾದರೂ ತಡೆದಿದ್ದರೆ ಕೊಳವೆಯ ಸ್ರವಿಕೆ ಇನ್ನೆಷ್ಟು ವರ್ಷ ಬರೀ ವಾದವಾಗಿಯೇ ಉಳಿಯುತ್ತಿತ್ತೋ! ನಮ್ಮ ವಿಶ್ವವಿದ್ಯಾಲಯಗಳಲ್ಲಿ, ಕಾಲೇಜುಗಳಲ್ಲಿ ‘ಇದರಿಂದ ಏನು ಉಪಯೋಗ’ ಎಂಬ ಪ್ರಶ್ನೆ ಎದುರಿಸುತ್ತ ಮೂಲ ವಿಜ್ಞಾನ ಮಾಡುತ್ತಿರುವ ಯುವಕ ಯುವತಿಯರ ಬೆನ್ನಿಗೆ ನಾವು ನಿಲ್ಲಬೇಕು.

ಓದುಗರಲ್ಲಿ ಒಂದು ಕೋರಿಕೆ. ನಿಮಗೆ ಅಥವಾ ಮನೆಯವರಿಗೆ ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದ್ದರೆ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ತಪ್ಪದೆ ಪರೀಕ್ಷೆ ಮಾಡಿಸಿ. ಮಂಡಿನೋವು, ಮೈಕೈನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ನೇರವಾಗಿ ತಂದು ತಿಂಗಳುಗಟ್ಟಲೆ ನುಂಗಬೇಡಿ. ಕಿಡ್ನಿಗೆ ಅವು ಸದ್ದಿಲ್ಲದೆ ಪೆಟ್ಟು ಕೊಡುತ್ತವೆ. ಈ ಲೇಖನದಲ್ಲಿ ಬಂದ ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಶುರು ಮಾಡಬೇಡಿ, ಕೇಳದೆ ನಿಲ್ಲಿಸಲೂಬೇಡಿ.